ಹಳೆಗಾಲದ ಉಡುಪಿಗೆ ಲಿನನ್: ಯಾವ ಬಟ್ಟೆ, ಯಾವ ಹೊಲಿಗೆ, ಯಾವ ಬಣ್ಣ?

ಹಳೆಗಾಲದ ಯುರೋಪಿನ ಉಡುಪೊಂದನ್ನು ಕೈಯಾರೆ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಬಣ್ಣದ ಪ್ರಶ್ನೆಯನ್ನೇ. ಮಂಜಿಷ್ಠದ ಬೇರಿನ ಬಣ್ಣದಲ್ಲಿ ಅದ್ದಿದರೆ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆ, ಕೆಂಪಾಗುತ್ತಾ? ಆಗುತ್ತದೆ. ಆದರೆ ನಿಮ್ಮ ಮನಸ್ಸಿನಲ್ಲಿರುವ ಕೆಂಪು ಬರುವುದಿಲ್ಲ. ಇಟ್ಟಿಗೆಯ ಹಾಗೋ, ಹವಳದ ಹಾಗೋ ಒಂದು ಬಣ್ಣ ಬರುತ್ತದೆ. ಆ ಗಾಢ ಕೆಂಪು ಉಣ್ಣೆಗೆ ಮೀಸಲು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲಿನನ್ ಸೂಜಿಗೆ ಒಲಿದಷ್ಟು ಬಣ್ಣಕ್ಕೆ ಒಲಿಯುವುದಿಲ್ಲ. ನಿಮ್ಮ ಕೈಯಲ್ಲಿ 30 ಗಂಟೆ ಬಿಡುವಿದ್ದರೆ 25 ಗಂಟೆ ಹೊಲಿಗೆಗೆ ಕೊಡಿ. ಬಣ್ಣ ಬೇಕೇ ಬೇಕು ಅನ್ನಿಸಿದರೆ ನೀಲಿಯಿಂದ ಶುರು ಮಾಡಿ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ಪದರ ಯಾವುದು ಅಂತ ನೋಡಿ

ಬಟ್ಟೆಯ ತೂಕ, ದಾರ, ಬಣ್ಣ ಎಲ್ಲವೂ ಒಂದೇ ಪ್ರಶ್ನೆಗೆ ಜೋತುಬಿದ್ದಿವೆ: ಈ ಉಡುಪು ಮೈಗೆ ತಾಗುವುದೋ, ಅದರ ಮೇಲೆ ಹಾಕುವುದೋ?

ಮಧ್ಯಯುಗದಿಂದ 18ನೇ ಶತಮಾನದವರೆಗೂ ಯುರೋಪಿನಲ್ಲಿ ಮೈಗೆ ತಾಗುವ ಪದರ ಅಂದರೆ ಬಹುಪಾಲು ಲಿನನ್. ಗಂಡಸರ ಅಂಗಿ, ಹೆಂಗಸರ ಒಳ ನಿಲುವಂಗಿ, ತಲೆವಸ್ತ್ರ ಎಲ್ಲವೂ ಅದರಲ್ಲೇ. ಇವು ಬೆವರು ಹೀರುತ್ತವೆ, ಮತ್ತೆ ಮತ್ತೆ ಒಗೆಸಿಕೊಳ್ಳುತ್ತವೆ. ಒಗೆಯುವ ಬಟ್ಟೆಗೆ ಬಣ್ಣ ಹಾಕಿ ಏನು ಪ್ರಯೋಜನ? ಹಾಗಾಗಿ ಅವು ಬಿಳಿ, ಇಲ್ಲವೇ ನಾರಿನದೇ ಕಂದು. ಹೊರಗಿನ ಪದರ ಸಾಮಾನ್ಯವಾಗಿ ಉಣ್ಣೆ. ಲಿನನ್ ಹೊರಗೆ ಕಾಣುವುದು ಏಪ್ರನ್, ಕೆಲಸದ ಮೇಲಂಗಿಯಂಥ ಕಡೆ. ಒಳಗಡೆ ಲೈನಿಂಗ್ ಆಗಿಯೂ ಇರುತ್ತದೆ. ಬಣ್ಣದ ಲಿನನ್‌ಗೆ ಜಾಗವಿರುವುದು ಇಂಥಲ್ಲೇ.

ಉಳಿದುಬಂದ ಲಿನನ್ ಉಡುಪುಗಳು ಕಡಿಮೆ. ತೇವದ ಹುಳಿ ಮಣ್ಣಿನಲ್ಲಿ ಉಣ್ಣೆ ಉಳಿದರೂ ಸಸ್ಯದ ನಾರು ಕರಗಿಹೋಗುತ್ತದೆ. ಆದರೂ ನೋಡಲು ಸಿಗುವಂಥವು ಇವೆ. ಡೆನ್ಮಾರ್ಕ್‌ನ ವಿಬೋರ್‌ನಲ್ಲಿ ಸಿಕ್ಕ 11ನೇ ಶತಮಾನದ ಅಂಗಿ ಒಂದು. ಆಸ್ಟ್ರಿಯಾದ ಲೆಂಗ್‌ಬರ್ಗ್ ಕೋಟೆಯಲ್ಲಿ 2008ರಲ್ಲಿ ಸಿಕ್ಕ 15ನೇ ಶತಮಾನದ ತುಂಡುಗಳು ಇನ್ನೊಂದು. ಅವುಗಳಲ್ಲಿ ಈಗಿನ ಬ್ರಾವನ್ನು ಹೋಲುವ ಒಳ ಉಡುಪೂ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಈಜಿಪ್ಟ್‌ನ ತಾರ್ಖಾನ್ ಉಡುಪು ಸಿಗುತ್ತದೆ. ಅದು ಈಗ ಲಂಡನ್ನಿನ ಪೆಟ್ರಿ ಮ್ಯೂಸಿಯಂನಲ್ಲಿದೆ. ರೇಡಿಯೋಕಾರ್ಬನ್ ಪರೀಕ್ಷೆ ಅದರ ಕಾಲವನ್ನು ಕ್ರಿ.ಪೂ. 3482 ಮತ್ತು 3102ರ ನಡುವೆ ಇಡುತ್ತದೆ. 5000 ವರ್ಷ ದಾಟಿದ ಲಿನನ್! ತೋಳುಗಳಲ್ಲಿ ಸಣ್ಣ ಸಣ್ಣ ನೆರಿಗೆಗಳು ಇನ್ನೂ ಕಾಣುತ್ತವೆ.

ತೆಳುವೋ, ದಪ್ಪವೋ

ಲಿನನ್ ಕೊಳ್ಳುವಾಗ ಜಿಎಸ್‌ಎಂ ನೋಡಿ. ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 90ರಿಂದ 120 ಇದ್ದರೆ ಅದು ತೆಳು ಬಟ್ಟೆ. ತಲೆವಸ್ತ್ರಕ್ಕೆ, ನಾಜೂಕಾದ ಅಂಗಿಗೆ ಸರಿ. 140ರಿಂದ 190 ನಡುವಿನದು. ಅಂಗಿ, ಒಳ ನಿಲುವಂಗಿ, ಲೈನಿಂಗ್ ಎಲ್ಲಕ್ಕೂ ಆಗುತ್ತದೆ. 200 ದಾಟಿದ್ದು ಏಪ್ರನ್‌ಗೆ, ಮೇಲಂಗಿಗೆ. 300ರ ಮೇಲಿನದು ಕ್ಯಾನ್ವಾಸ್ ಜಾತಿ. ಅದು ಗಟ್ಟಿಯಾಗಿ ನಿಲ್ಲಬೇಕಾದ ಒಳಪದರಕ್ಕೆ ಮಾತ್ರ. ಮೊದಲ ಉಡುಪಿಗೆ 150ರ ಆಸುಪಾಸಿನದನ್ನೇ ತೆಗೆದುಕೊಳ್ಳಿ. ತೀರಾ ತೆಳುವಾದದ್ದು ಕತ್ತರಿ ಹಾಕುವಾಗ ಜಾರುತ್ತದೆ. ದಪ್ಪದ್ದನ್ನು ಎರಡು ಮಡಿಕೆ ಮಡಚಿದರೆ ಸೂಜಿ ತೂರಿಸಲು ಹೆಣಗಬೇಕು.

ಇಲ್ಲೊಂದು ತಪ್ಪು ಕಲ್ಪನೆ ಇದೆ. ಗಂಟುಗಂಟಾಗಿ, ಒರಟಾಗಿ ಕಾಣುವ ಲಿನನ್ ಹಳೆಗಾಲದ್ದು ಅಂತ ಜನ ಅದನ್ನೇ ಹುಡುಕುತ್ತಾರೆ. ಹಾಗೇನಿಲ್ಲ. ಕೈಯಲ್ಲಿ ನೂತ ಒಳ್ಳೆಯ ಲಿನನ್ ಸಮವಾಗಿ, ನುಣುಪಾಗಿ ಇರುತ್ತಿತ್ತು. ಗಂಟು ಜಾಸ್ತಿ ಇದ್ದರೆ ಅದು ಗಿಡ್ಡ ನಾರಿನಿಂದ ಮಾಡಿದ ಅಗ್ಗದ ನೂಲು. ಮೂಟೆ ಹೊಲಿಯಲು ಅದಾದೀತು, ಅಂಗಿಗೆ ಬೇಡ. ನೇಯ್ಗೆಯೂ ಅಷ್ಟೇ. ಹಾಸು ಹೊಕ್ಕು ಒಂದರ ಮೇಲೊಂದು ಹಾಯುವ ಸಾದಾ ನೇಯ್ಗೆಯದನ್ನು ತೆಗೆದುಕೊಂಡರೆ ಯಾವ ಕಾಲಕ್ಕೂ ಹೊಂದುತ್ತದೆ.

ಬಣ್ಣ ಹಾಕದೆ ಬಿಡುವುದಾದರೆ ಬಿಳಿಯೋ, ಕಂದೋ? ಎರಡೂ ಸರಿ. ಗದ್ದೆಯಿಂದ ಬಂದ ನಾರು ಕಂದು ಬೂದು ಬಣ್ಣದ್ದು. ಅದನ್ನು ಬೂದಿಯ ಕ್ಷಾರದಲ್ಲಿ ಬೇಯಿಸಿ, ಹುಲ್ಲಿನ ಮೇಲೆ ವಾರಗಟ್ಟಲೆ ಬಿಸಿಲಿಗೆ ಹರಡಿ, ನಡುನಡುವೆ ಹುಳಿ ಮಜ್ಜಿಗೆಯಲ್ಲಿ ನೆನೆಸಿ ಬಿಳಿ ಮಾಡುತ್ತಿದ್ದರು. 17ನೇ ಶತಮಾನದಲ್ಲಿ ನೆದರ್‌ಲೆಂಡ್ಸ್‌ನ ಹಾರ್ಲೆಮ್ ಊರು ಈ ಕೆಲಸಕ್ಕೇ ಹೆಸರುವಾಸಿ. ಬಿಳಿ ಅಂದರೆ ಸಮಯ, ಸಮಯ ಅಂದರೆ ದುಡ್ಡು. ಹಾಗಾಗಿ ಸಿರಿವಂತರ ಪಾತ್ರಕ್ಕೆ ಅಚ್ಚ ಬಿಳಿ, ದುಡಿಯುವವರ ಪಾತ್ರಕ್ಕೆ ಅರೆಬಿಳಿ. ಬಿಸಿಲಲ್ಲಿ ನೀಲಿ ಮಿಂಚು ಹೊಡೆಯುವ ಬಿಳಿ ಮಾತ್ರ ಬೇಡ. ಅದು 20ನೇ ಶತಮಾನದ ರಾಸಾಯನಿಕ ಹೊಳಪು.

ಲಿನನ್ ಅಂತ ಮಾರುವುದೆಲ್ಲ ಲಿನನ್ ಆಗಿರುವುದಿಲ್ಲ. ಒಂದು ಎಳೆ ಕಿತ್ತು ಸುಟ್ಟು ನೋಡಿ. ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾದರೆ ಸಸ್ಯದ ನಾರು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಬೆರೆತಿದೆ. ಹತ್ತಿಯನ್ನೂ ಲಿನನ್ನನ್ನೂ ಈ ಪರೀಕ್ಷೆ ಬೇರೆ ಮಾಡುವುದಿಲ್ಲ, ಅದು ನೆನಪಿರಲಿ. ಲಿನನ್ ಸಿಗದಿದ್ದರೆ ಹತ್ತಿಗಿಂತ ಹೆಂಪ್ (ಗಾಂಜಾ ಜಾತಿಯ ಗಿಡದ ನಾರಿನ ಬಟ್ಟೆ) ವಾಸಿ. ಅದನ್ನೂ ಯುರೋಪಿನಲ್ಲಿ ಹಿಂದಿನಿಂದ ಉಡುತ್ತಿದ್ದರು, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ತಂದ ಬಟ್ಟೆಯನ್ನು ನೇರ ಕತ್ತರಿಗೆ ಕೊಡಬೇಡಿ. ಲಿನನ್ ನೂರಕ್ಕೆ 5ರಿಂದ 10 ಪಾಲು ಕುಗ್ಗುತ್ತದೆ. ಅಂದರೆ 3 ಮೀಟರಿನಲ್ಲಿ 15ರಿಂದ 30 ಸೆಂ.ಮೀ. ಹೋಯಿತು. ಬಿಸಿನೀರಿನಲ್ಲಿ ಎರಡು ಸಲ ಒಗೆದು ಒಣಗಿಸಿ. ಬಣ್ಣ ಹಾಕುವುದಿದ್ದರೆ ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ಬಿಳಿ ಬಟ್ಟೆಯಿಂದಲೂ ಕಷಾಯದ ಬಣ್ಣದ ನೀರು ಇಳಿಯುವುದನ್ನು ನೋಡಿದರೆ ಬೆರಗಾಗುತ್ತೀರಿ. ಅದು ನಾರಿನಲ್ಲಿ ಉಳಿದಿದ್ದ ಮೇಣ, ಅಂಟು. ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಬಟ್ಟೆ ಸಿದ್ಧ. ಹನಿ ಮಣಿಯಾಗಿ ನಿಂತರೆ ಇನ್ನೊಂದು ಸಲ ಕುದಿಸಿ.

ಕೈ ಹೊಲಿಗೆಯೋ, ಮಷೀನೋ

ಎಲಿಯಾಸ್ ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ, ಸಿಂಗರ್ ಪೇಟೆಂಟ್ ಬಂದದ್ದು 1851ರಲ್ಲಿ. ನಿಮ್ಮ ಉಡುಪು ಅದಕ್ಕಿಂತ ಹಿಂದಿನ ಕಾಲದ್ದಾದರೆ ಎಲ್ಲವೂ ಕೈ ಹೊಲಿಗೆಯೇ. ಹಾಗಂತ ಮಷೀನ್ ಮುಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ದಾರಿ ಮೂರಿವೆ.

ಪೂರ್ತಿ ಮಷೀನ್ ಆದರೆ ಒಂದು ಅಂಗಿ ಅರ್ಧ ದಿನದಲ್ಲಿ ಮುಗಿಯುತ್ತದೆ. ದೂರದಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಆದರೆ ಕತ್ತು, ಕಫ್, ಕೆಳಗಿನ ಅಂಚು ಈ ಮೂರು ಜಾಗದಲ್ಲಿ ಮಷೀನಿನ ಹೊಲಿಗೆ ಸಾಲಾಗಿ ಎದ್ದು ಕಾಣುತ್ತದೆ. ಎದುರಿಗೆ ನಿಂತು ಮಾತಾಡುವವರ ಕಣ್ಣು ನೇರ ಕತ್ತಿನ ಮೇಲೆ ಬೀಳುತ್ತದಲ್ವಾ? ಅಲ್ಲಿಗೆ ಗುಟ್ಟು ರಟ್ಟು.

ಎರಡನೆಯದು ಬೆರಕೆ. ಒಳಗೆ ಅಡಗುವ ಉದ್ದ ಹೊಲಿಗೆಗಳು ಮಷೀನಿಗೆ, ಕಾಣುವುದೆಲ್ಲ ಕೈಗೆ. ಮೊದಲ ಉಡುಪಿಗೆ, ಅದರಲ್ಲೂ ಗಡುವು ಹತ್ತಿರ ಇದ್ದರೆ, ನಾನು ಇದನ್ನೇ ಹೇಳುವುದು. ನಡುವಿನ ತೂಕದ ಲಿನನ್‌ಗೆ 80ನೇ ನಂಬರಿನ ಹೊಸ ಸೂಜಿ ಹಾಕಿ. ಹಳೆ ಸೂಜಿ ಎಳೆಗಳನ್ನು ಎಳೆದು ಬಟ್ಟೆಯಲ್ಲಿ ಗೆರೆ ಬೀಳಿಸುತ್ತದೆ.

ಮೂರನೆಯದು ಪೂರ್ತಿ ಕೈ ಹೊಲಿಗೆ. ಒಂದು ಅಂಗಿಗೆ 20ರಿಂದ 30 ಗಂಟೆ ಹಿಡಿಯುತ್ತದೆ. ಕೇಳಿದರೆ ಭಯವಾಗುತ್ತದೆ, ಆದರೆ ದಿನಕ್ಕೆ ಒಂದು ಗಂಟೆಯಂತೆ ಒಂದು ತಿಂಗಳ ಕೆಲಸ. ಲಿನನ್ ಇದಕ್ಕೆ ಹೇಳಿ ಮಾಡಿಸಿದ ಬಟ್ಟೆ. ಅದು ರಬ್ಬರಿನ ಹಾಗೆ ಎಳೆಯುವುದಿಲ್ಲ, ಉಗುರಿನಿಂದ ಗೀರಿದರೆ ಸಾಕು ಮಡಿಕೆ ನಿಂತುಬಿಡುತ್ತದೆ. ಪಿನ್ನು, ಇಸ್ತ್ರಿ ಎರಡೂ ಬೇಕಿಲ್ಲ. ಸುಕ್ಕಾಗುತ್ತದೆ ಅಂತ ಎಲ್ಲರೂ ಬೈಯುವ ಗುಣವೇ ಇಲ್ಲಿ ನಮ್ಮ ಕೆಲಸ ಹಗುರ ಮಾಡುವುದು.

ಕತ್ತರಿಸುವಾಗಲೇ ಈ ಸುಖ ಶುರುವಾಗುತ್ತದೆ. ಅಂಚಿನಲ್ಲಿ ಸಣ್ಣಗೆ ಕತ್ತರಿ ಹಾಕಿ, ಹೊಕ್ಕಿನ ಒಂದು ಎಳೆಯನ್ನು ಉಗುರಿನಿಂದ ಎತ್ತಿ ಮೆಲ್ಲಗೆ ಎಳೆಯಿರಿ. ಬಟ್ಟೆ ನೆರಿಗೆಯಾಗುತ್ತಾ ಹೋಗುತ್ತದೆ. ನೆರಿಗೆಯನ್ನು ಬೆರಳಲ್ಲಿ ಮುಂದೆ ತಳ್ಳಿ, ಮತ್ತೆ ಎಳೆಯಿರಿ. ನಡುವೆ ಎಳೆ ತುಂಡಾದರೆ ಅಲ್ಲಿಯವರೆಗೆ ಕತ್ತರಿಸಿ ಮತ್ತೆ ಹಿಡಿಯಿರಿ. ಎಳೆ ಹೊರಬಂದ ಕಡೆ ಕೂದಲೆಳೆಯಷ್ಟು ಕಿಂಡಿಯ ಗೆರೆ ಉಳಿಯುತ್ತದೆ. ಅದರ ಮೇಲೆ ಕತ್ತರಿ ಓಡಿಸಿ. ಸ್ಕೇಲು, ಸೀಮೆಸುಣ್ಣ ಯಾವುದೂ ಇಷ್ಟು ನೇರ ಬರುವುದಿಲ್ಲ. ಹಳೆಯ ಅಂಗಿಗಳು ಬಹುಪಾಲು ಚೌಕ, ಆಯತ, ತ್ರಿಕೋನಗಳ ಜೋಡಣೆ. ಕಂಕುಳಲ್ಲಿ ಒಂದು ಸಣ್ಣ ಚೌಕ, ಕೆಳಗೆ ಘೇರು ಬರಲು ಉದ್ದ ತ್ರಿಕೋನ. ಬಟ್ಟೆ ಚೂರೂ ಹಾಳಾಗುವುದಿಲ್ಲ.

ದಾರದ ಆಯ್ಕೆಯಲ್ಲಿ ಲಿನನ್ ದಾರವೇ ಸರಿಯಾದದ್ದು. 60/2ರಂಥ ತೆಳು ಎರಡೆಳೆ ದಾರ ಅಂಗಿಗೆ, 35/2 ದಪ್ಪ ಬಟ್ಟೆಗೆ. ಜೇನುಮೇಣದ ಗಡ್ಡೆಯ ಮೇಲೆ ಎರಡು ಸಲ ಎಳೆದುಕೊಳ್ಳಿ, ಇಲ್ಲದಿದ್ದರೆ ಸಿಬಿರೆದ್ದು ಗಂಟಾಗುತ್ತದೆ. ತುಂಡು 50 ಸೆಂ.ಮೀ.ಗಿಂತ ಉದ್ದ ಬೇಡ. ಸೂಜಿಯ ಕಣ್ಣಲ್ಲಿ ಸವೆದು ಅಲ್ಲೇ ತುಂಡಾಗುತ್ತದೆ. ಹತ್ತಿಯ ದಾರ ಸುಲಭ, ಎಲ್ಲ ಕಡೆ ಸಿಗುತ್ತದೆ, ನಾಚಿಕೆಪಡಬೇಕಾದ್ದೇನೂ ಇಲ್ಲ. ಪಾಲಿಯೆಸ್ಟರ್ ಬೇಡ. ಅದು ಬಟ್ಟೆಗಿಂತ ಗಟ್ಟಿ. ಜಗ್ಗಿದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ. ಬಣ್ಣ ಹಾಕುವವರಿಗೆ ಇನ್ನೊಂದು ತೊಂದರೆಯೂ ಇದೆ, ಅದು ಆಮೇಲೆ.

ಹೊಲಿಗೆ ಯಾವುದು? ಒತ್ತಿ ದಪ್ಪ ಮಾಡಿದ ಉಣ್ಣೆಯ ಅಂಚನ್ನು ಹಾಗೇ ಬಿಡಬಹುದು. ಲಿನನ್ ಬಿಟ್ಟರೆ ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಪ್ರತಿ ಅಂಚೂ ಒಳಗೆ ಮುಚ್ಚಿಹೋಗಬೇಕು. ಅದಕ್ಕೆ ಎರಡು ಕ್ರಮ ಹೇಳುತ್ತೇನೆ.

ಮೊದಲನೆಯದು, ಎರಡು ತುಂಡು ಸೇರಿಸಿ ರನ್ನಿಂಗ್ ಸ್ಟಿಚ್ ಹಾಕಿ, ಐದಾರು ಹೊಲಿಗೆಗೊಂದು ಬ್ಯಾಕ್ ಸ್ಟಿಚ್ ಸೇರಿಸುವುದು. ಆಮೇಲೆ ಒಂದು ಅಂಚನ್ನು ಅರ್ಧ ಕತ್ತರಿಸಿ, ಇನ್ನೊಂದನ್ನು ಅದರ ಮೇಲೆ ಮಡಚಿ ಹೆಮ್ಮಿಂಗ್ ಮಾಡುವುದು. ಗಟ್ಟಿ, ಚಪ್ಪಟೆ, ಮೈಗೆ ಒತ್ತುವುದಿಲ್ಲ. ಭುಜಕ್ಕೂ ಕಂಕುಳಿಗೂ ಇದೇ ಬೇಕು.

ಎರಡನೆಯದು ನನಗೆ ಅಚ್ಚುಮೆಚ್ಚು. ಪ್ರತಿ ತುಂಡಿನ ಸುತ್ತಲೂ ಮೊದಲು ಸಣ್ಣ ಹೆಮ್ಮಿಂಗ್ ಮಾಡಿ ಮುಗಿಸಿ. ಆಮೇಲೆ ಎರಡು ತುಂಡುಗಳ ಅಂಚಿಗೆ ಅಂಚು ಹಿಡಿದು, ಬಳ್ಳಿ ಸುತ್ತಿದ ಹಾಗೆ ಸಣ್ಣ ಸುತ್ತು ಹೊಲಿಗೆ ಹಾಕಿ. ಬಿಡಿಸಿ ಉಗುರಿನಿಂದ ಉಜ್ಜಿದರೆ ಅಂಗೈಯಷ್ಟು ಚಪ್ಪಟೆ. ಒಂದೊಂದೇ ತುಂಡು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲೂ ಹೊಲಿಯಬಹುದು, ಇಡೀ ಅಂಗಿ ಹೊತ್ತು ತಿರುಗಬೇಕಿಲ್ಲ. ಸೆಂಟಿಮೀಟರಿಗೆ 3ರಿಂದ 4 ಹೊಲಿಗೆ ಸಾಕು. 18ನೇ ಶತಮಾನದ ನಾಜೂಕಿನ ಅಂಗಿಗಳ ಕಾಲರಿನಲ್ಲಿ ಇಂಚಿಗೆ 20 ದಾಟುವ ಹೊಲಿಗೆಗಳಿರುತ್ತವೆ. ಆ ಆಸೆ ಮೊದಲ ಅಂಗಿಗೆ ಬೇಡ.

ಬಣ್ಣದ ವಿಷಯ

ಉಣ್ಣೆ ಪ್ರಾಣಿಯ ಪ್ರೋಟೀನು, ಲಿನನ್ ಅಗಸೆ ಗಿಡದ ಸೆಲ್ಯುಲೋಸು. ಗಿಡಮೂಲದ ಬಣ್ಣಗಳಲ್ಲಿ ಹೆಚ್ಚಿನವು ನೇರವಾಗಿ ನಾರಿಗೆ ಅಂಟುವುದಿಲ್ಲ, ನಡುವೆ ಪಟಿಕದಂಥ ಲೋಹದ ಉಪ್ಪು ಬೇಕು. ಉಣ್ಣೆ ಪಟಿಕವನ್ನು ತಾನಾಗಿ ಹಿಡಿದುಕೊಳ್ಳುತ್ತದೆ. ಲಿನನ್ ಹಿಡಿಯುವುದೇ ಇಲ್ಲ ಅನ್ನಬಹುದು. ಅದಕ್ಕೇ ಮೊದಲು ಒಗರು, ಅಂದರೆ ಟ್ಯಾನಿನ್, ಕೊಡಬೇಕು. ಮಾಚಿಕಾಯಿ ಅಥವಾ ಅಳಲೆಕಾಯಿಯ ಒಗರು ನಾರಿಗೆ ಅಂಟುತ್ತದೆ, ಒಗರಿಗೆ ಪಟಿಕ ಅಂಟುತ್ತದೆ, ಪಟಿಕಕ್ಕೆ ಬಣ್ಣ ಅಂಟುತ್ತದೆ. ಮೂರು ದಿನದ ಕೆಲಸ. ಒಂದು ಕೊಂಡಿ ಸಡಿಲವಾದರೂ ಬಣ್ಣ ತೊಳೆದುಹೋಗುತ್ತದೆ.

ನೀಲಿಗೆ ಈ ರಗಳೆ ಇಲ್ಲ. ಇಲ್ಲಿ ನೀಲಿ ಅಂದರೆ ಗಿಡದಿಂದ ಬರುವ ಇಂಡಿಗೋ, ಅದು ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ನೀರಿನಲ್ಲಿ ಆಮ್ಲಜನಕವನ್ನು ಕಿತ್ತುಕೊಂಡರೆ ಕರಗಿ, ನಾರಿನ ಒಳಗೆ ಹೊಕ್ಕುತ್ತದೆ. ಹೊರಗೆ ತೆಗೆದ ಕೂಡಲೇ ಗಾಳಿಯ ಆಮ್ಲಜನಕ ಸೇರಿ ಮತ್ತೆ ಕರಗದ ನೀಲಿಯಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಪಟಿಕ ಬೇಕಿಲ್ಲ, ಒಗರು ಬೇಕಿಲ್ಲ. ಈಜಿಪ್ಟ್‌ನ ಹಳೆಯ ಲಿನನ್‌ಗಳ ಅಂಚಿನಲ್ಲಿ ನೀಲಿ ಪಟ್ಟೆಗಳಿರುವುದು, 18ನೇ ಶತಮಾನದ ಏಪ್ರನ್‌ಗಳಲ್ಲಿ ನೀಲಿ ಬಿಳಿ ಚೌಕಳಿ ಕಾಣುವುದು ಸುಮ್ನೆ ಅಲ್ಲ.

ಯುರೋಪಿನ ಹಳೆಯ ನೀಲಿ ಬಂದದ್ದು ವೋಡ್ ಅನ್ನುವ ಗಿಡದಿಂದ. ಸಮುದ್ರದ ದಾರಿ ತೆರೆದ ಮೇಲೆ ಭಾರತದ ನೀಲಿ ಅಲ್ಲಿಗೆ ಹೋಯಿತು. ವೋಡ್ ಬೆಳೆಗಾರರನ್ನು ಉಳಿಸಲು ಕೆಲವು ಕಡೆ ಅದನ್ನು ನಿಷೇಧಿಸಿದ್ದೂ ಉಂಟು. ಎರಡರಲ್ಲೂ ಇರುವ ಬಣ್ಣದ ವಸ್ತು ಒಂದೇ, ವೋಡ್ ಎಲೆಯಲ್ಲಿ ಅದು ಕಡಿಮೆ. ಬಟ್ಟೆಯ ಮೇಲೆ ಬಂದ ಮೇಲೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ 10ನೇ ಶತಮಾನದ ಉಡುಪಿಗೂ ಇಂಡಿಗೋ ಪುಡಿಯನ್ನು ಧೈರ್ಯವಾಗಿ ಬಳಸಿ.

ಮನೆಯಲ್ಲಿ ಮಾಡಲು ಸುಲಭವಾದದ್ದು 1-2-3 ಲೆಕ್ಕದ ತೊಟ್ಟಿ: ಇಂಡಿಗೋ ಪುಡಿ ಒಂದು ಪಾಲು, ಸುಣ್ಣ ಎರಡು, ಫ್ರಕ್ಟೋಸ್ ಸಕ್ಕರೆ ಮೂರು. ನೀರು ಕೈಗೆ ಚುರುಕಾಗುವಷ್ಟು ಬಿಸಿ, ಸುಮಾರು 50 ಡಿಗ್ರಿ. ಕದಡಿ ಒಂದೆರಡು ಗಂಟೆ ಬಿಟ್ಟರೆ ಮೇಲೆ ತಾಮ್ರದ ಮಿಂಚಿನ ಕೆನೆ ಕಟ್ಟುತ್ತದೆ, ಕೆಳಗಿನ ನೀರು ಹಳದಿ ಹಸಿರು. ಕೆನೆಯನ್ನು ಪಕ್ಕಕ್ಕೆ ಸರಿಸಿ, ನೆನೆಸಿ ಹಿಂಡಿದ ಬಟ್ಟೆಯನ್ನು ಗುಳ್ಳೆ ಏಳದ ಹಾಗೆ ಮುಳುಗಿಸಿ. ಹತ್ತು ನಿಮಿಷ. ಹೊರತೆಗೆದಾಗ ಬಟ್ಟೆ ಎಳೆ ಬಾಳೆಲೆಯ ಬಣ್ಣ. ನೋಡನೋಡುತ್ತಿದ್ದಂತೆ ಅಂಚಿನಿಂದ ನೀಲಿ ಹತ್ತಿಕೊಳ್ಳುತ್ತಾ ಬರುತ್ತದೆ, ಮಡಿಕೆಯ ಒಳಗಡೆ ಮಾತ್ರ ಹಸಿರು ಉಳಿದಿರುತ್ತದೆ. ಅದನ್ನೂ ಬಿಡಿಸಿ ಗಾಳಿಗೆ ಕೊಡಿ. ನಾನು ಎಷ್ಟು ಸಲ ಮಾಡಿದ್ದರೂ ಆ ಎರಡು ನಿಮಿಷ ಬೇರೆ ಕಡೆ ನೋಡಲು ಮನಸ್ಸಾಗುವುದಿಲ್ಲ.

ಗಾಢ ಬೇಕಾದರೆ ತೊಟ್ಟಿಗೆ ಪುಡಿ ಸುರಿಯಬೇಡಿ, ಅದ್ದುವುದನ್ನು ಹೆಚ್ಚಿಸಿ. ತೆಳು ತೊಟ್ಟಿಯಲ್ಲಿ ಆರು ಸಲ ಅದ್ದಿದ ನೀಲಿ ನಿಲ್ಲುತ್ತದೆ. ದಪ್ಪ ತೊಟ್ಟಿಯಲ್ಲಿ ಒಂದೇ ಸಲ ಅದ್ದಿದ ನೀಲಿ ಕತ್ತಿಗೆ, ಕೈಗೆ ಬಳಿದುಕೊಳ್ಳುತ್ತದೆ. ಕೊನೆಗೆ ವಿನೆಗರ್ ನೀರಿನಲ್ಲಿ ಜಾಲಿಸಿ, ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸುಣ್ಣದ ನೀರು ಕೈ ಸುಡುತ್ತದೆ, ಗ್ಲೌಸ್ ಮರೆಯಬೇಡಿ.

ಮಂಜಿಷ್ಠದ ಕೆಂಪಿಗೆ ತಾಳ್ಮೆ ಬೇಕು. ಒಣ ಬಟ್ಟೆಯ ತೂಕದ ಮೇಲೆ ಲೆಕ್ಕ ಹಾಕುವುದು ವಾಡಿಕೆ: ಮಾಚಿಕಾಯಿ ನೂರಕ್ಕೆ 10, ಪಟಿಕ 15ರಿಂದ 20, ಬೇರಿನ ಪುಡಿ 50ರಿಂದ 100. ಪಟಿಕದ ಬದಲು ಅಲ್ಯೂಮಿನಿಯಂ ಅಸಿಟೇಟ್ 5ರಿಂದ 10 ಹಾಕಿದರೆ ಸಸ್ಯದ ನಾರಿಗೆ ಇನ್ನೂ ಚೆನ್ನಾಗಿ ಕೂರುತ್ತದೆ. ಅಳಲೆಕಾಯಿ ಬಟ್ಟೆಗೆ ಹಳದಿ ಛಾಯೆ ಕೊಡುತ್ತದೆ, ಕೆಂಪು ಕಿತ್ತಳೆಯ ಕಡೆ ವಾಲುತ್ತದೆ. ಮಾಚಿಕಾಯಿ ಅಷ್ಟು ಬಣ್ಣ ಬಿಡುವುದಿಲ್ಲ. ಉರಿ 70 ಡಿಗ್ರಿ ದಾಟದಿರಲಿ, ಕುದಿಸಿದರೆ ಬೇರಿನ ಕಂದೆಲ್ಲ ಇಳಿದು ಕೆಂಪು ಮಂಕಾಗುತ್ತದೆ. ನೀರು ಗಡಸಾಗಿದ್ದರೆ ಒಳ್ಳೆಯದೇ. ಮೆದು ನೀರಾದರೆ ಚಿಟಿಕೆ ಸೀಮೆಸುಣ್ಣದ ಪುಡಿ ಹಾಕಿ. ಸಸ್ಯದ ನಾರಿನ ಮೇಲೆ ಪಕ್ಕಾ ಕೆಂಪು ತರುವುದು ಎಷ್ಟು ಕಷ್ಟ ಅಂದರೆ, ಹತ್ತಿಯ ಮೇಲಿನ ಟರ್ಕಿ ಕೆಂಪಿನ ಗುಟ್ಟನ್ನು ಯುರೋಪಿನವರು ಪೂರ್ವದ ಬಣ್ಣಗಾರರಿಂದ ಕಲಿತದ್ದೇ 18ನೇ ಶತಮಾನದಲ್ಲಿ. ಅದಕ್ಕೂ ಎಣ್ಣೆ, ಕ್ಷಾರ ಅಂತ ವಾರಗಟ್ಟಲೆ ಕೆಲಸ.

ಹಳದಿಗೆ ವೆಲ್ಡ್ ಅನ್ನುವ ಯುರೋಪಿನ ಗಿಡ. ಗಿಡದ ಹಳದಿಗಳಲ್ಲಿ ಬಿಸಿಲಿಗೆ ತಡೆಯುವುದರಲ್ಲಿ ಇದೇ ಮುಂದು. ನಿಂಬೆಯ ಬಣ್ಣ ಬರುತ್ತದೆ. ಒಗರು, ಪಟಿಕ ಇದಕ್ಕೂ ಬೇಕು. ಹಸಿರು ಬೇಕಾದರೆ ಮೊದಲು ನೀಲಿ ಮುಗಿಸಿ, ಆಮೇಲೆ ಪಟಿಕ ಕೊಟ್ಟು ವೆಲ್ಡ್ ಹಾಕಿ. ಕೈಗೆ ಸಿಗುತ್ತದೆ ಅಂತ ಅರಿಶಿನ ಹಾಕಬೇಡಿ. ಮೊದಲ ದಿನ ಕಣ್ಣು ಕುಕ್ಕುತ್ತದೆ, ಕೆಲವೇ ದಿನದ ಬಿಸಿಲಿಗೆ ಹಾರಿಹೋಗುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಬೀಟ್‌ರೂಟು, ಹಣ್ಣಿನ ರಸ ಇವೆಲ್ಲ ಕಲೆ, ಬಣ್ಣವಲ್ಲ.

ಕಂದಿಗೆ ಅಕ್ರೋಟಿನ ಹಸಿ ಸಿಪ್ಪೆ. ಪಟಿಕವೂ ಬೇಡ, ಕುದಿಸಿ ಅದ್ದಿದರಾಯಿತು. ಕಬ್ಬಿಣದ ಉಪ್ಪು ಸೇರಿಸಿ ಕಪ್ಪು ಮಾಡುವ ಆಸೆ ಬಂದರೆ ಸ್ವಲ್ಪ ತಡೆಯಿರಿ. ಒಗರು, ಕಬ್ಬಿಣ ಸೇರಿದ ಕಪ್ಪು ಕಾಲ ಕಳೆದಂತೆ ನಾರನ್ನೇ ತಿನ್ನುತ್ತದೆ. ಮ್ಯೂಸಿಯಂಗಳಲ್ಲಿ ಹಳೆಯ ಬಟ್ಟೆಗಳ ಕಪ್ಪು ಭಾಗ ಮಾತ್ರ ಪುಡಿಪುಡಿಯಾಗಿ ಉದುರುವುದು ಇದೇ ಕಾರಣಕ್ಕೆ.

ಇನ್ನು ರಾಸಾಯನಿಕ ಬಣ್ಣ. ಮೊದಲ ಕೃತಕ ಬಣ್ಣ ಹುಟ್ಟಿದ್ದು 1856ರಲ್ಲಿ, ಸೆಲ್ಯುಲೋಸಿಗೆ ಗಟ್ಟಿಯಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣ ಮಾರುಕಟ್ಟೆಗೆ ಬಂದದ್ದು ಸರಿಯಾಗಿ ನೂರು ವರ್ಷದ ಮೇಲೆ, 1956ರಲ್ಲಿ. ಕಾಲಕ್ಕೆ ಸರಿಯಲ್ಲ, ಒಪ್ಪುತ್ತೇನೆ. ಆದರೆ ಕೆಲಸಕ್ಕೆ ಬಹಳ ಸುಲಭ. ಪ್ರೋಸಿಯಾನ್ ಎಂಎಕ್ಸ್ ಜಾತಿಯವಕ್ಕೆ ಒಲೆಯೇ ಬೇಡ. ಉಗುರು ಬೆಚ್ಚಗಿನ ನೀರು, ಲೀಟರಿಗೆ ಸುಮಾರು 50 ಗ್ರಾಂ ಉಪ್ಪು, ಆಮೇಲೆ ಸೋಡಾ ಆ್ಯಶ್, ಅಂದರೆ ವಾಷಿಂಗ್ ಸೋಡಾ. ಒಂದು ಗಂಟೆ ತಿರುವುತ್ತಾ ಇದ್ದರೆ ಮುಗಿಯಿತು. ಎಷ್ಟು ಒಗೆದರೂ ಜಗ್ಗುವುದಿಲ್ಲ. ಪುಡಿ ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ, ಉಸಿರಿಗೆ ಹೋದರೆ ಅಲರ್ಜಿ ಹಿಡಿಯುತ್ತದೆ. ಎಲ್ಲ ಬಟ್ಟೆಗೂ ಆಗುತ್ತದೆ ಅಂತ ಮಾರುವ ಕುದಿಸುವ ಬಣ್ಣಗಳು ಲಿನನ್ ಮೇಲೆ ಅಷ್ಟು ನಿಲ್ಲುವುದಿಲ್ಲ. ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಬಿಡುತ್ತವೆ.

ರಿಯಾಕ್ಟಿವ್ ಹಾಕುವವರಿಗೆ ಒಂದು ಮಾತು. ಪೊಟ್ಟಣದಲ್ಲಿರುವ ಕೆಂಪನ್ನು ಹಾಗೇ ಹಾಕಬೇಡಿ. ಹಳದಿ ಸ್ವಲ್ಪ, ಕಂದು ಚೂರು ಬೆರೆಸಿ ಇಟ್ಟಿಗೆಯ ಕಡೆಗೆ ತನ್ನಿ. ಆಗ ಮಂಜಿಷ್ಠ ಹಾಕಿದ ಲಿನನ್ ಅಂತ ನಂಬಬಹುದು. ಹಾಗಂತ ಹಳೆಗಾಲ ಅಂದರೆ ಎಲ್ಲವೂ ಮಣ್ಣಿನ ಮಂಕು ಬಣ್ಣ ಅಂದುಕೊಳ್ಳುವುದೂ ತಪ್ಪೇ. ವೆಲ್ಡ್‌ನ ಹಳದಿ ನೋಡಿದವರು ಆ ಮಾತು ಆಡುವುದಿಲ್ಲ.

ಹೊಲಿದು ಬಣ್ಣವೋ, ಬಣ್ಣ ಹಾಕಿ ಹೊಲಿಗೆಯೋ

ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಒಂದು ನಿಲುವಂಗಿಯನ್ನು ಹೊಲಿದು ಮುಗಿಸಿ, ಬಿಳಿ ಚೆನ್ನಾಗಿಲ್ಲ ಅನ್ನಿಸಿ, ರಿಯಾಕ್ಟಿವ್ ಕೆಂಪಿನಲ್ಲಿ ಅದ್ದಿದೆ. ಬಟ್ಟೆಗೆ ಬಣ್ಣ ಸೊಗಸಾಗಿ ಹತ್ತಿತು. ದಾರ ಪಾಲಿಯೆಸ್ಟರ್, ಅದು ಹತ್ತಿಸಿಕೊಳ್ಳಲಿಲ್ಲ. ಕತ್ತಿನ ಸುತ್ತ, ತೋಳಿನ ಉದ್ದಕ್ಕೆ ಬಿಳಿ ಚುಕ್ಕೆಗಳ ಸಾಲು, ಆಪರೇಷನ್ ಮಾಡಿ ಹೊಲಿಗೆ ಹಾಕಿದ ಹಾಗೆ. ಎರಡು ಸಂಜೆ ಕೂತು ಅಷ್ಟೂ ಬಿಚ್ಚಿ ಮತ್ತೆ ಹೊಲಿದೆ.

ಹಾಗಾಗಿ ಗಿಡದ ಬಣ್ಣವಾದರೆ ಬಟ್ಟೆಯನ್ನೇ ಮೊದಲು ಅದ್ದಿ, ಆಮೇಲೆ ಕತ್ತರಿಸಿ. ಹೊಲಿದ ಉಡುಪಿನ ಮಡಿಕೆಗಳ ಒಳಗೆ ಒಗರು, ಪಟಿಕ ಸಮವಾಗಿ ಹೋಗುವುದಿಲ್ಲ, ಹೊಲಿಗೆಯ ಪಕ್ಕದಲ್ಲಿ ತೆಳು ಗೆರೆ ಉಳಿಯುತ್ತದೆ. ಹತ್ತಿಯ ಅಥವಾ ಲಿನನ್ ದಾರದಲ್ಲಿ ಹೊಲಿದಿದ್ದರೆ ರಿಯಾಕ್ಟಿವ್ ಬಣ್ಣವನ್ನು ಆಮೇಲೂ ಹಾಕಬಹುದು. ನೀಲಿ ನಡುವಿನದು. ಎರಡೂ ನಡೆಯುತ್ತದೆ, ದಪ್ಪ ಹೊಲಿಗೆಗಳು ಇದ್ದರೆ ಮೊದಲೇ ಅದ್ದುವುದು ವಾಸಿ.

ಪಾತ್ರೆಯ ಲೆಕ್ಕವನ್ನೂ ಮೊದಲೇ ಮಾಡಿ. 150 ಜಿಎಸ್‌ಎಂ ಬಟ್ಟೆ, 3 ಮೀಟರ್ ಉದ್ದ, 1.5 ಮೀಟರ್ ಅಗಲ ಇದ್ದರೆ ತೂಕ 675 ಗ್ರಾಂ. ಅದು ಆರಾಮಾಗಿ ಆಡಬೇಕಾದರೆ 30 ಪಟ್ಟು, ಅಂದರೆ ಸುಮಾರು 20 ಲೀಟರ್ ನೀರು ಬೇಕು. 25 ಲೀಟರಿನ ಸ್ಟೀಲ್ ಪಾತ್ರೆ ಇಲ್ಲದಿದ್ದರೆ ಮಂಜಿಷ್ಠದ ಆಸೆ ಬಿಟ್ಟು ತಲೆವಸ್ತ್ರಕ್ಕೋ, ಪಟ್ಟಿಗೋ ಮಾತ್ರ ಬಣ್ಣ ಹಾಕಿ. ಇಕ್ಕಟ್ಟಿನ ಪಾತ್ರೆಯಲ್ಲಿ ತುರುಕಿದ ಬಟ್ಟೆ ತೇಪೆ ತೇಪೆಯಾಗುತ್ತದೆ. ಅಡುಗೆಯ ಪಾತ್ರೆ ಮಾತ್ರ ಬೇಡವೇ ಬೇಡ.

ಯಾರಿಗೆ ಯಾವುದು

ಮೊದಲ ಸಲ ಮಾಡುವವರು ಅರೆಬಿಳಿ ಲಿನನ್‌ನಲ್ಲಿ ಒಂದು ಅಂಗಿ ಹೊಲಿಯಿರಿ. ಬೆರಕೆ ಹೊಲಿಗೆ, ಹತ್ತಿ ದಾರ, ಬಣ್ಣ ಇಲ್ಲ. ಅದು ಯಾವ ಶತಮಾನದ ವೇಷದ ಒಳಗೂ ಸೇರುತ್ತದೆ. ಕಾಲಕ್ಕೆ ನಿಷ್ಠೆ ಮುಖ್ಯ ಅನ್ನುವವರು ಪೂರ್ತಿ ಕೈ ಹೊಲಿಗೆ, ಲಿನನ್ ದಾರ, ಒಳಗಿನದು ಬಿಳಿ, ಏಪ್ರನ್ನೋ ಮೇಲಂಗಿಯೋ ನೀಲಿ ಅಂತ ಇಟ್ಟುಕೊಳ್ಳಿ. ನಾಟಕಕ್ಕೆ, ದೂರದಿಂದ ನೋಡುವವರಿಗೆ ಹತ್ತು ಜನರ ಉಡುಪು ಬೇಕು ಅಂದರೆ ಮಷೀನ್, ರಿಯಾಕ್ಟಿವ್ ಬಣ್ಣ, ಕತ್ತಿನ ಸುತ್ತ ಮಾತ್ರ ಕೈ ಹೊಲಿಗೆ. ಕೆಂಪೇ ಬೇಕು ಅಂತ ಹಟ ಹಿಡಿದವರು ಉಣ್ಣೆ ಕೊಳ್ಳಿ. ಅದೇ ಮಂಜಿಷ್ಠ, ಅರ್ಧ ಕೆಲಸ, ಎರಡು ಪಟ್ಟು ಕೆಂಪು.

ಯಾವುದೇ ದಾರಿ ಹಿಡಿದರೂ ಕತ್ತರಿಸುವ ಮೊದಲು ಅದೇ ಬಟ್ಟೆಯಿಂದ ಅಂಗೈ ಅಗಲದ ಪಟ್ಟಿ ತೆಗೆದು, ಎರಡಾಗಿ ಮಾಡಿ, ನೀವು ಬಳಸುವ ದಾರದಲ್ಲೇ ಸೇರಿಸಿ ಹೊಲಿಯಿರಿ. ಅಂಚನ್ನು ಮಡಚಿ ಹೆಮ್ಮಿಂಗೂ ಮಾಡಿ. ಅದನ್ನು ಬಣ್ಣಕ್ಕೆ ಅದ್ದಿ, ಒಗೆಯಿರಿ, ಅರ್ಧಕ್ಕೆ ರಟ್ಟು ಮುಚ್ಚಿ ಕಿಟಕಿಯ ಬಿಸಿಲಿಗೆ ಒಂದು ವಾರ ಅಂಟಿಸಿ. ಬಣ್ಣ ಹಾರುತ್ತದೋ, ದಾರ ಬೇರೆಯಾಗಿ ಕಾಣುತ್ತದೋ, ಹೊಲಿಗೆ ಸುಕ್ಕಾಗುತ್ತದೋ, ಎಲ್ಲವೂ ಆ ಪಟ್ಟಿಯಲ್ಲೇ ಗೊತ್ತಾಗುತ್ತದೆ. ನನ್ನ ಕಿಟಕಿಯಲ್ಲಿ ಈಗ ಅಂಥ ಮೂರು ಪಟ್ಟಿಗಳಿವೆ. ಎರಡು ನೀಲಿ, ಒಂದು ವೆಲ್ಡ್ ಹಳದಿ. ಬುಧವಾರ ರಟ್ಟು ತೆಗೆದು ನೋಡಬೇಕು, ಆಮೇಲೇ ಕತ್ತರಿ.